ಯಾರ ಜೊತೆ ಮಾತಾಡ್ತಾನ್ರೀ ನಿಮ್ಮ ಹುಡುಗ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಇನ್ನು ಮುಂದೆ ಲಿಂಕ್ ಕಳಿಸಿ ಸುಮ್ಮನಾಗಬಹುದು.

ಯಾರ ಜೊತೆಗೂ ಅಲ್ಲ. ಅವನಿಗೆ ಆಟಿಸಂ ಇದೆ, ಅಂದರೆ ಮಿದುಳಿನ ಬೆಳವಣಿಗೆಯೇ ಚಿಕ್ಕಂದಿನಿಂದ ಬೇರೆ ರೀತಿ. ಅವನು ಹೇಳುವುದು "ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಳಿ." ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿಸಿಕೊಂಡದ್ದು, ಅದೇ ರಾಗದಲ್ಲಿ, ದಿನಕ್ಕೆ ನಲವತ್ತು ಸಲ. ಕಂಡಕ್ಟರ್ ಕೂಗಿದರೆ ಡ್ಯೂಟಿ, ಇವನು ಕೂಗಿದರೆ ಗಾಳಿ ಸೋಕಿದೆ, ಅಲ್ವಾ?

ಹೋದ ವರ್ಷ ಮದುವೆ ಊಟದ ಪಂಕ್ತಿಯಲ್ಲಿ ದೂರದ ನೆಂಟರೊಬ್ಬರು, "ಒಬ್ರೇ ಮಾತಾಡೋದು ಸ್ಕಿಜೋಫ್ರೇನಿಯಾ ಅಂತ ಫೋನಲ್ಲಿ ಓದಿದೀನಿ. ಆಟಿಸಂ ಅಂತ ಯಾಕಮ್ಮ ಮುಚ್ಚಿಡ್ತೀಯ?" ಅಂದರು. ಮಗ ಪಕ್ಕದಲ್ಲೇ ಕೂತು ಹೋಳಿಗೆಯ ಅಂಚು ಕಿತ್ತು ಎಲೆಯ ತುದಿಗೆ ಸಾಲಾಗಿ ಜೋಡಿಸುತ್ತಿದ್ದ. ನನ್ನ ಬಾಯಿಂದ ಬಂದದ್ದು, "ಸಾರು ಹಾಕಿಸ್ಕೊಳ್ಳಿ."

ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮನೋರೋಗ. ಗೊಂದಲ ಅವರೊಬ್ಬರದ್ದೇ ಅಲ್ಲ, ಬಿಡಿ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿ 1980ರವರೆಗೆ ಇಂಥ ಮಕ್ಕಳನ್ನು ಬಾಲ್ಯದ ಸ್ಕಿಜೋಫ್ರೇನಿಯಾದ ಲೆಕ್ಕಕ್ಕೇ ಹಾಕುತ್ತಿತ್ತು. 1971ರಲ್ಲಿ ಬ್ರಿಟನ್ನಿನ ಮನೋವೈದ್ಯ ಇಸ್ರೇಲ್ ಕೋಲ್ವಿನ್ ತೊಂದರೆ ಯಾವ ವಯಸ್ಸಿಗೆ ಶುರುವಾಯಿತು ಅಂತ ನೋಡಿದರು. ಆಟಿಸಂನಂಥ ಗುಂಪಿಗೆ 3 ವರ್ಷದೊಳಗೆ, ಸ್ಕಿಜೋಫ್ರೇನಿಯಾದಂಥ ಇನ್ನೊಂದಕ್ಕೆ 5ರ ನಂತರ. ಲಕ್ಷಣಗಳೂ ಬೇರೆ ಬೇರೆ.

ನಮ್ಮ ಡಾಕ್ಟರಮ್ಮ ಮಗನನ್ನು, "ಯಾರೂ ಇಲ್ಲದಾಗ ಧ್ವನಿ ಕೇಳ್ಸುತ್ತಾ?" ಅಂದರು.

"ಕೇಳ್ಸುತ್ತೆ."

ನನ್ನ ಎದೆ ಧಸಕ್ಕೆಂದಿತು. ಅವರು ಬರೆದುಕೊಳ್ಳಲಿಲ್ಲ. "ಯಾವುದು?"

"ಮೇಲಿನ ಮನೆ ಮಿಕ್ಸಿ."

ಆಮೇಲೆ ನನ್ನ ಕಡೆ ತಿರುಗಿ, "ಮುಂಚೆ ಹೇಗಿದ್ದ?" ಅಂದರು. ಕೇಳಬೇಕಾದ ಪ್ರಶ್ನೆ ಅದು. ಇಷ್ಟು ವರ್ಷದಲ್ಲಿ ನೆಂಟರಲ್ಲಿ ಒಬ್ಬರೂ ಕೇಳಿಲ್ಲ.

ಮುಂಚೆಯೂ ಹೀಗೇ ಇದ್ದ. ಒಂದೂವರೆ ವರ್ಷಕ್ಕೆ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಆಟದ ಲಾರಿ ಮಗುಚಿ ಹಾಕಿ ಬರೀ ಚಕ್ರ ತಿರುಗಿಸುತ್ತಿದ್ದ. ಸ್ಕಿಜೋಫ್ರೇನಿಯಾದಲ್ಲಿ ಆಗುವ ಹಾಗೆ ವಾಸ್ತವದ ಹಿಡಿತ ತಪ್ಪುವ ಸೈಕೋಸಿಸ್‌ನಲ್ಲಿ ಸಾಮಾನ್ಯವಾಗಿ ಮಗು ಬದಲಾಗುತ್ತದೆ. ನಿದ್ದೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ. ಇಲ್ಲದ ದನಿ ಬೈಯುತ್ತದೆ. ಅನ್ನಕ್ಕೆ ಯಾರೋ ಏನೋ ಬೆರೆಸಿದ್ದಾರೆ ಅಂತ ಮಗು ತಟ್ಟೆ ದೂಡುತ್ತದೆ. 13 ವರ್ಷದೊಳಗೆ ಸ್ಕಿಜೋಫ್ರೇನಿಯಾ ತೀರಾ ಅಪರೂಪ. ಆದರೆ ಆಟಿಸಂ ಇರುವವರಿಗೂ ಅದು ಬರಬಹುದು. ಹೊಸದೇನಾದರೂ ಕಂಡರೆ "ಅವನು ಇರೋದೇ ಹಂಗೆ" ಅಂತ ನಾನೂ ಸುಮ್ನೆ ಕೂರುವಂತಿಲ್ಲ.

ಅಂದು ಹೊರಗಿನ ಬೆಂಚಿನಲ್ಲಿ ಒಬ್ಬ ತಾಯಿ ಕೂತಿದ್ದರು. ಮಗಳು ಅವರ ಸೆರಗಿನೊಳಗೆ ಮುಖ ಹುದುಗಿಸಿ, "ಬರ್ತಾರೆ, ಬರ್ತಾರೆ" ಅನ್ನುತ್ತಿದ್ದಳು. ನಮ್ಮದು ಅದಲ್ಲ ಅಂತ ಖುಷಿಯಿಂದ ಅವರನ್ನು ದಾಟಿ ಬಂದೆ. ಅದು ನೆನಪಾದರೆ ನೆಂಟರ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಮೊನ್ನೆ ಮಂಡಕ್ಕಿ ಅಂಗಡಿಯ ಮುಂದೆ ಮಗ ಶುರು ಮಾಡಿದ. "ಹರಿಹರ, ರಾಣೆಬೆನ್ನೂರು."

ಪೊಟ್ಟಣ ಕಟ್ಟುತ್ತಿದ್ದವನು ತಲೆ ಎತ್ತದೆ, "ಹಾವೇರಿ" ಅಂದ.

ಮಗ ಅವನ ಮುಖ ನೋಡಿದ. "ಹುಬ್ಳಿ" ಅಂದ.