ಗ್ಯಾಸ್ ಇಲ್ಲದಿರೋದು ಬೇರೆ, ವೈರೇ ಇಲ್ಲದಿರೋದು ಬೇರೆ

ಬಾಯ್ಲರ್ ರೂಮಿನಂಥ ಜಾಗಗಳಲ್ಲಿ ಹಾಕುವ ಗ್ಯಾಸ್ ಡಿಟೆಕ್ಟರ್‌ಗಳನ್ನು ಪಿಎಲ್‌ಸಿಗೆ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಜೋಡಿಸುವುದು ನನ್ನ ಕೆಲಸ. ಇವು ಹೆಚ್ಚಾಗಿ 4ರಿಂದ 20 ಮಿಲಿಆಂಪ್ ಕರೆಂಟ್ ಕೊಡುತ್ತವೆ: ಗ್ಯಾಸ್ ಇಲ್ಲದಾಗ 4, ಅಳತೆಯ ತುದಿ ಮುಟ್ಟಿದಾಗ 20. ಕೇಬಲ್ ಉದ್ದ ಇದ್ದರೆ ವೋಲ್ಟೇಜ್ ದಾರಿಯಲ್ಲೇ ಸ್ವಲ್ಪ ಸೋರಿಹೋಗುತ್ತದೆ. ಕರೆಂಟ್ ಹಾಗಲ್ಲ, ಲೂಪಿನ ಈ ತುದಿಯಲ್ಲಿ ಎಷ್ಟೋ ಆ ತುದಿಯಲ್ಲೂ ಅಷ್ಟೇ.

ಪಿಎಲ್‌ಸಿಯಲ್ಲಿ ವೋಲ್ಟೇಜ್ ಮಾತ್ರ ಓದುವ ಇನ್‌ಪುಟ್ ಕಾರ್ಡ್ ಇದ್ದರೆ ಇನ್‌ಪುಟ್ ಮತ್ತು ಕಾಮನ್ ಟರ್ಮಿನಲ್ ನಡುವೆ 250 ಓಮ್ ರೆಸಿಸ್ಟರ್ ಹಾಕುತ್ತೇವೆ. 4 ಮಿಲಿಆಂಪ್‌ಗೆ 1 ವೋಲ್ಟ್, 20ಕ್ಕೆ 5 ವೋಲ್ಟ್. ಸರಿಯಾಗಿ 250 ಸಿಗದಿದ್ದರೆ ಶೇ 1ರ 249 ಓಮ್ ತಗೊಳ್ಳಿ, ಸ್ಕೇಲಿಂಗ್ (ವೋಲ್ಟನ್ನು ಗ್ಯಾಸಿನ ಅಂಕಿಯಾಗಿಸುವ ಲೆಕ್ಕ) ಅದಕ್ಕೆ ತಕ್ಕಂತೆ ಬದಲಿಸಿ. ಕಾರ್ಡಿನ ಇನ್‌ಪುಟ್ ರೆಸಿಸ್ಟೆನ್ಸನ್ನೂ ನೋಡಿ. ಅದು ಬರೀ 10 ಕಿಲೋಓಮ್ ಇದ್ದರೆ ನಿಮ್ಮ 250 ಸುಮಾರು 244 ಆಗಿಬಿಡುತ್ತದೆ, ಗ್ಯಾಸ್ ಕಡಿಮೆ ಕಾಣುತ್ತದೆ.

ಇಷ್ಟು ಲೆಕ್ಕ ಎಲ್ಲರೂ ಮಾಡುತ್ತಾರೆ. ಎಡವುವುದು ಪ್ರೋಗ್ರಾಮಿನಲ್ಲಿ. ಒಂದು ಕಾರ್ಖಾನೆಯಲ್ಲಿ ಸ್ಕ್ರೀನ್ ಮೇಲೆ ಸದಾ 0 ಇರುತ್ತಿತ್ತು, ಎಲ್ಲರಿಗೂ ನೆಮ್ಮದಿ. ಪ್ಯಾನೆಲ್ ತೆಗೆದು ರೆಸಿಸ್ಟರ್ ಮೇಲೆ ಮೀಟರ್ ಹಿಡಿದರೆ 1 ವೋಲ್ಟ್ ಇರಬೇಕಾದಲ್ಲಿ ಏನೂ ಇಲ್ಲ. ಸಿಗ್ನಲ್ ವೈರ್ ಟರ್ಮಿನಲ್‌ನಿಂದ ಕಳಚಿಕೊಂಡಿತ್ತು. ಸ್ಕ್ರೀನಿನಲ್ಲಿ ಮೈನಸ್ ಅಂಕಿ ಚೆನ್ನಾಗಿ ಕಾಣಲ್ಲ ಅಂತ ಯಾರೋ 1 ವೋಲ್ಟಿಗಿಂತ ಕಡಿಮೆ ಬಂದದ್ದನ್ನೆಲ್ಲ ಸೊನ್ನೆ ಮಾಡಿದ್ದರು. ಗ್ಯಾಸ್ ಸೋರಿದ್ದರೂ ಅಲ್ಲಿ 0 ಅಂತಲೇ ಇರುತ್ತಿತ್ತು! ಸೊನ್ನೆ ಗ್ಯಾಸಿಗೆ 4 ಮಿಲಿಆಂಪ್ ಇಟ್ಟಿರುವುದೇ ಗ್ಯಾಸ್ ಇಲ್ಲದಿರೋದನ್ನೂ ವೈರ್ ಇಲ್ಲದಿರೋದನ್ನೂ ಬೇರೆ ಮಾಡೋಕೆ, ಅಲ್ವಾ?

ಹಾಗಾಗಿ 0.9 ವೋಲ್ಟಿಗಿಂತ ಕೆಳಗೆ, ಅಂದರೆ 3.6 ಮಿಲಿಆಂಪ್‌ಗಿಂತ ಕೆಳಗೆ ಬಂದರೆ ಫಾಲ್ಟ್ ಅಲಾರಂ ಕೊಡಿ. ಕೆಲವು ಡಿಟೆಕ್ಟರ್‌ಗಳು ಕ್ಯಾಲಿಬ್ರೇಷನ್ ಹೊತ್ತಿನಲ್ಲಿ ಬೇಕಂತಲೇ 4ರ ಕೆಳಗೆ ಇಳಿಯುತ್ತವೆ, ಮ್ಯಾನ್ಯುಯಲ್ ನೋಡಿಯೇ ಅಂಕಿ ಹಾಕಿ. ಮೇಲ್ಗಡೆಯೂ ಅಷ್ಟೇ, ಕರೆಂಟ್ 20 ದಾಟಿದ್ದೂ ಗೊತ್ತಾಗಬೇಕು. 21 ಮಿಲಿಆಂಪ್ ಅಂದರೆ 5.25 ವೋಲ್ಟ್. 5 ವೋಲ್ಟಿಗೇ ನಿಲ್ಲುವ ಕಾರ್ಡಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ನಾನು 0–10 ವೋಲ್ಟ್ ಕಾರ್ಡ್ ಕೇಳುತ್ತೇನೆ. ರೆಸಲ್ಯೂಷನ್ ಅರ್ಧ ಹೋದರೂ 12 ಬಿಟ್ ಕಾರ್ಡಿನಲ್ಲಿ 1ರಿಂದ 5ರವರೆಗಿನ 4 ವೋಲ್ಟ್ ಸ್ಪ್ಯಾನಿಗೆ ಸುಮಾರು 1,600 ಮೆಟ್ಟಿಲು ಸಿಗುತ್ತವೆ, ಧಾರಾಳ ಆಯಿತು.

ಕೆಲಸ ಒಪ್ಪಿಸುವಾಗ ಆಪರೇಟರ್ ಎದುರಿಗೇ ವೈರ್ ಬಿಚ್ಚಿ ಫಾಲ್ಟ್ ತೋರಿಸುತ್ತೇನೆ. ಆಮೇಲೆ ಲೂಪ್ ಕ್ಯಾಲಿಬ್ರೇಟರ್‌ನಿಂದ 7.2 ಮಿಲಿಆಂಪ್ ಕೊಡುತ್ತೇನೆ. ಮೀಟರಿನಲ್ಲಿ 1.8 ವೋಲ್ಟ್, ಸ್ಕ್ರೀನಿನಲ್ಲಿ ಶೇ 20 ಎಲ್‌ಇಎಲ್ (ಗಾಳಿಯಲ್ಲಿ ಗ್ಯಾಸ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ ಶೇ 20) ಬಂದ ಮೇಲೆಯೇ ಸಹಿ.