ಕಿಟ್ಟೆಲ್ ನಕ್ಷೆ: ‘ಕೆ’ ಹೋಗಿ ‘ಆರ್’ ಆದದ್ದು

ಮೂರು ತಿಂಗಳಿನಿಂದ ಕಾಡುತ್ತಿದ್ದ ಗಂಟು ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಿಚ್ಚಿಕೊಂಡಿತು. ಬಿಚ್ಚಿದ ಮೇಲೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಇಷ್ಟು ದಿನ ನನ್ನನ್ನು ಅಲೆಸಿದ್ದು ಒಂದೇ ಒಂದು ಅಕ್ಷರ.

ಒಂದು ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ಜನ ಎಲ್ಲೆಲ್ಲಿದ್ದಾರೆ ಎಂದು ನಕ್ಷೆಯಲ್ಲಿ ಗುರುತಿಸುವುದು ನನ್ನ ಹವ್ಯಾಸ. ಅಂಥ ನಕ್ಷೆ ಮಾಡುವವರಿಗೆ ಮೊದಲ ಹಂತಗಳನ್ನು ಹೇಳಿ ಬೇಸರ ತರಿಸುವುದಿಲ್ಲ. ದೂರವಾಣಿ ಪಟ್ಟಿ, ಅಂಚೆ ಸಂಖ್ಯೆ, ಚುಕ್ಕೆ, ಅಷ್ಟೇ. ನಾನು ಹಿಡಿದ ಹೆಸರು ಕಿಟ್ಟೆಲ್. ಹೌದು, ನಿಘಂಟಿನ ಕಿಟ್ಟೆಲರೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಆ ನಿಘಂಟನ್ನು ಇಪ್ಪತ್ತು ವರ್ಷಗಳಿಂದ ತೆರೆಯುತ್ತಿದ್ದೇನೆ. ಸಿಕ್ಕ ಸಿಕ್ಕ ಪದಕ್ಕೆಲ್ಲ ಅರ್ಥ ಹುಡುಕಿದ ನನಗೆ, ಅದನ್ನು ಬರೆದವರ ಹೆಸರಿಗೇ ಒಂದು ಅರ್ಥವಿದ್ದೀತು ಎಂದು ಹೊಳೆದದ್ದು ಕಳೆದ ದೀಪಾವಳಿಗೆ.

ಅರ್ಥ ಸಿಗಲು ಐದು ನಿಮಿಷವೂ ಬೇಕಾಗಲಿಲ್ಲ. ಕಿಟೆಲ್ ಎಂದರೆ ಬಟ್ಟೆಯ ಮೇಲೆ ತೊಡುವ ಸಡಿಲ ನಿಲುವಂಗಿ. ಮಧ್ಯಕಾಲದ ಜರ್ಮನ್‌ನಲ್ಲೂ ಪದ ಹೆಚ್ಚುಕಡಿಮೆ ಹೀಗೆಯೇ ಇತ್ತು. ಇಂದಿಗೂ ಜರ್ಮನರು ವೈದ್ಯರ ಮೇಲೆ ಸಿಟ್ಟು ಬಂದಾಗ ‘ಬಿಳಿ ಕಿಟೆಲ್‌ನವರು’ ಎನ್ನುತ್ತಾರೆ. ಯೆಹೂದ್ಯರು ಯೋಮ್ ಕಿಪ್ಪುರ್ ದಿನ ತೊಡುವ ಬಿಳಿ ನಿಲುವಂಗಿಗೂ ಇದೇ ಹೆಸರು. ಹಾಗಾಗಿ ಮನೆತನದ ಮೂಲಪುರುಷ ಒಂದೋ ನಿಲುವಂಗಿ ಹೊಲಿಯುತ್ತಿದ್ದವನು, ಇಲ್ಲವೇ ತೊಡುತ್ತಿದ್ದವನು. ಪುಸ್ತಕಗಳು ಎರಡನ್ನೂ ಕೊಟ್ಟು ಕೈತೊಳೆದುಕೊಳ್ಳುತ್ತವೆ. ನನ್ನ ತಕರಾರು ಇಷ್ಟೆ: ದುಡಿಯುವವರೆಲ್ಲ ನಿಲುವಂಗಿ ತೊಡುವ ಊರಿನಲ್ಲಿ ಒಬ್ಬನನ್ನು ಮಾತ್ರ ‘ನಿಲುವಂಗಿ’ ಎಂದು ಕರೆಯುತ್ತಾರೆಯೇ? ಅವನದು ವಿಪರೀತ ಉದ್ದವಿದ್ದಿರಬೇಕು, ಇಲ್ಲವೇ ಒಗೆಯದೇ ಇದ್ದದ್ದಿರಬೇಕು. ಅಡ್ಡಹೆಸರನ್ನು ಊರು ಇಡುತ್ತದೆ, ಊರಿಗೆ ಕರುಣೆ ಕಡಿಮೆ. ರೋಟೆರ್ಮೆಲ್ ಎಂಬ ಇನ್ನೊಂದು ಜರ್ಮನ್ ಮನೆತನವಿದೆ, ಅಂದರೆ ‘ಕೆಂಪುತೋಳು’. ಆ ಅಂಗಿಯ ಬಣ್ಣ ಮಾಸಿ ಶತಮಾನಗಳಾದರೂ ಹೆಸರು ಮಾಸಲಿಲ್ಲ.

ಅರ್ಥವೇನೋ ಸಿಕ್ಕಿತು, ಜಾಗದ ಗೊಂದಲ ಶುರುವಾಯಿತು. 2005ರ ಸ್ಥಿರ ದೂರವಾಣಿಗಳ ಪಟ್ಟಿಯಿಂದ ಜರ್ಮನ್ ವಿದ್ವಾಂಸರು ಅಡ್ಡಹೆಸರುಗಳ ದೊಡ್ಡ ಅಟ್ಲಾಸನ್ನೇ ಮಾಡಿದ್ದಾರೆ. ಆ ಕಾಲದ ನಕ್ಷೆಯಲ್ಲಿ ಕಿಟ್ಟೆಲ್‌ಗಳು ಜರ್ಮನಿಯ ಪೂರ್ವಭಾಗದ ಸ್ಯಾಕ್ಸನಿ, ಥುರಿಂಗಿಯಾ ಕಡೆ ದಟ್ಟವಾಗಿ ಕಾಣುತ್ತಾರೆ. ಮ್ಯುಲ್ಲರ್, ಶ್ಮಿಟ್‌ಗಳಂತೆ ನಕ್ಷೆಯನ್ನೇ ಮುಚ್ಚುವ ಹೆಸರಲ್ಲ ಇದು. ಹಾಗೆಂದು ಅಪರೂಪವೂ ಅಲ್ಲ. ಸಂಗೀತಗಾರ ಬಾಖ್‌ನ ಕೊನೆಯ ಶಿಷ್ಯರಲ್ಲಿ ಒಬ್ಬನಾದ ಆರ್ಗನ್ ವಾದಕ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್ ಎರ್ಫುರ್ಟ್ ಊರಿನವನು. ಟೂರ್ ಡಿ ಫ್ರಾನ್ಸ್‌ನಲ್ಲಿ 14 ಹಂತಗಳನ್ನು ಗೆದ್ದ ಸೈಕಲ್ ಪಟು ಮಾರ್ಸೆಲ್ ಕಿಟ್ಟೆಲ್ ಹುಟ್ಟಿದ್ದು ಪಕ್ಕದ ಆರ್ನ್‌ಸ್ಟಾಟ್‌ನಲ್ಲಿ. ಸುಮಾರು ಎರಡೂವರೆ ಶತಮಾನದ ಅಂತರದಲ್ಲಿ ಹುಟ್ಟಿದ ಇಬ್ಬರಿಗೂ ನನ್ನ ನಕ್ಷೆಯಲ್ಲಿ ಒಂದೇ ಗುಂಡುಸೂಜಿ ಸಾಕಾಯಿತು.

ಆದರೆ ಪಶ್ಚಿಮದಲ್ಲೂ ಅಲ್ಲಲ್ಲಿ ಚುಕ್ಕೆಗಳು ಚೆಲ್ಲಿಕೊಂಡಿದ್ದವು. ಕಾರಣ ಇತಿಹಾಸ ಬಲ್ಲವರಿಗೆ ಗೊತ್ತು. ಇಂದು ಬಹುಪಾಲು ಪೋಲೆಂಡ್, ಜೆಕ್ ದೇಶಗಳಲ್ಲಿರುವ ಸಿಲೇಸಿಯಾ ಮತ್ತು ಉತ್ತರ ಬೊಹೀಮಿಯಾದ ಜರ್ಮನರನ್ನು 1945ರ ನಂತರ ಹೊರಹಾಕಿದಾಗ ಅವರ ಹೆಸರುಗಳೂ ಗಂಟುಮೂಟೆ ಕಟ್ಟಿಕೊಂಡು ಹೊರಟವು. ಮೂಲ ನೆಲೆ ಬೇಕೆಂದರೆ ಅದಕ್ಕೂ ಮೊದಲಿನ ಪಟ್ಟಿ ಬೇಕು. ಎಂದರೆ ಹಳೆಯ ವಿಳಾಸ ಪುಸ್ತಕಗಳು. ಎಂದರೆ ಫ್ರಾಕ್ಟೂರ್ ಅಚ್ಚು, ಜರ್ಮನರ ಹಳೆಯ ಮುರುಕು ಗೆರೆಗಳ ಅಕ್ಷರ ಶೈಲಿ. ನನ್ನ ಸಂಕಟ ಅಲ್ಲಿ ಆರಂಭವಾಯಿತು.

ಸ್ಯಾಕ್ಸನಿಯ ಒಂದು ಊರಿನ ವಿಳಾಸ ಪುಸ್ತಕವನ್ನು ಇಳಿಸಿಕೊಂಡೆ. ಪುಟಗಳ ಚಿತ್ರದ ಜೊತೆಗೆ ಯಂತ್ರ ಓದಿದ ಪಠ್ಯವೂ ಇತ್ತು. ಕಿಟ್ಟೆಲ್ ಎಂದು ಹುಡುಕಿದೆ: ಸೊನ್ನೆ. ಪಕ್ಕದ ಊರಿನ ಪುಸ್ತಕ: ಸೊನ್ನೆ. ಕಿಟ್ಟೆಲ್‌ಗಳು ಕಿಕ್ಕಿರಿದಿರಬೇಕಾದ ಸೀಮೆಯಲ್ಲಿ ಅವರ ಸುಳಿವೇ ಇಲ್ಲ! ಕಾಗುಣಿತ ಬದಲಿಸಿ, ಒಂದು ‘ಟಿ’ ಕಳೆದು, ಒಂದು ‘ಎಚ್’ ಸೇರಿಸಿ ಹುಡುಕಿದೆ. ಮನೆತನ 20ನೆಯ ಶತಮಾನದಲ್ಲೇ ಆಕಾಶದಿಂದ ಉದುರಿತು ಎಂಬ ಸಿದ್ಧಾಂತ ಮಂಡಿಸುವ ಹಂತಕ್ಕೂ ಬಂದಿದ್ದೆ.

ನಿನ್ನೆ ರಾತ್ರಿ ಬೇಸತ್ತು, ಹುಡುಕುವುದನ್ನು ಬಿಟ್ಟು ಯಂತ್ರದ ಪಠ್ಯವನ್ನು ಕತೆಪುಸ್ತಕದಂತೆ ಓದುತ್ತ ಹೋದೆ. ‘ಕಿರ್ಶ್’ ಮುಗಿದು ಸ್ವಲ್ಪ ಹೊತ್ತಿಗೆ ‘ರ್ಲೈನ್’ ಎಂಬವನು ಬಂದ. ಅವನ ಹಿಂದೆ ‘ರ್ಲೆಮ್’. ಅವನ ಬೆನ್ನಿಗೆ ‘ರ್ನಾಪೆ’. ಜರ್ಮನಿಯಲ್ಲಿ ಯಾರೂ ಅರ್ಕಾವತ್ತು ಹೊತ್ತುಕೊಂಡು ಹುಟ್ಟುವುದಿಲ್ಲ. ಕುರ್ಚಿಯಿಂದ ಎದ್ದೇಬಿಟ್ಟೆ. ಇವರು ಕ್ಲೈನ್, ಕ್ಲೆಮ್, ಕ್ನಾಪೆ! ಫ್ರಾಕ್ಟೂರ್‌ನ ದೊಡ್ಡ ‘ಕೆ’ ಮತ್ತು ದೊಡ್ಡ ‘ಆರ್’ ಅವಳಿಗಳು. ನಮ್ಮ ‘ಥ’ಕ್ಕೆ ಹೊಟ್ಟೆಯಲ್ಲಿ ಚುಕ್ಕೆ, ‘ಧ’ಕ್ಕೆ ಕೆಳಗೆ ಸೀಳು ಇದ್ದಂತೆ, ಇವೆರಡಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಸಣ್ಣ ಗೆರೆಯಲ್ಲಿ. ಸವೆದ ಅಚ್ಚುಮೊಳೆಯಲ್ಲಿ ಅದೂ ಉಳಿದಿರುವುದಿಲ್ಲ.

‘ರಿಟ್ಟೆಲ್’ ಎಂದು ಹುಡುಕಿದೆ. ಸಾಲಾಗಿ ಬಂದು ನಿಂತರು: ಒಬ್ಬ ಬಡಗಿ, ಒಬ್ಬ ಶಾಲಾ ಮಾಸ್ತರ, ಇಬ್ಬರು ವಿಧವೆಯರು. ನಿಲುವಂಗಿ ಹೊಲಿಯುವ ಒಬ್ಬ ದರ್ಜಿಯೂ ಇಲ್ಲ.

ಎಲ್ಲ ‘ಆರ್’ಗಳನ್ನೂ ‘ಕೆ’ ಮಾಡಿದರೆ ಮುಗಿಯಿತು ಎನ್ನುವ ಆತುರಗಾರರಿಗೆ: ರಿಟ್ಟೆಲ್ ಎಂಬುದೂ ಅಸಲಿ ಅಡ್ಡಹೆಸರೇ. ಕುರುಡಾಗಿ ಬದಲಿಸಿದರೆ ಅವರ ಮನೆಯವರನ್ನೆಲ್ಲ ಇವರ ಮನೆಗೆ ದತ್ತು ಕೊಟ್ಟಂತೆ. ಉಪಾಯ ಅಕಾರಾದಿಯಲ್ಲೇ ಇತ್ತು. ಹಿಂದಿನ ಹೆಸರು ಕಿರ್ಶ್, ಮುಂದಿನದು ಕ್ಲೈನ್ ಆಗಿದ್ದರೆ ನಡುವಿನವನು ಎಷ್ಟೇ ‘ಆರ್’ ವೇಷ ಹಾಕಿದರೂ ಕಿಟ್ಟೆಲ್ಲೇ. ರಿಚ್ಟರ್ ಮತ್ತು ರಿಟ್ಟರ್ ನಡುವೆ ಕುಳಿತಿದ್ದರೆ ಅಸಲಿ ರಿಟ್ಟೆಲ್. ಇಪ್ಪತ್ತು ಸಾಲಿನ ಪುಟ್ಟ ಪ್ರೋಗ್ರಾಮ್ ಬರೆದೆ, ಅಕ್ಕಪಕ್ಕದ ಐದೈದು ಹೆಸರು ನೋಡಿ ತೀರ್ಪು ಕೊಡುತ್ತದೆ. ಬೀದಿವಾರು ಪಟ್ಟಿಯಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ, ಅಲ್ಲಿ ಪುಟದ ಚಿತ್ರ ದೊಡ್ಡದು ಮಾಡಿ ಕಣ್ಣು ಕಿರಿದು ಮಾಡುವುದೇ ಗತಿ. ನಿಘಂಟುಕಾರರ ಮನೆತನವನ್ನು ಅಕ್ಷರಾನುಕ್ರಮದಿಂದ ಹಿಡಿಯಬೇಕೆಂದು ಹೊಳೆಯಲು ಮೂರು ತಿಂಗಳು ತೆಗೆದುಕೊಂಡೆ, ಇರಲಿ.

ಈಗ ನಕ್ಷೆಯ ಗೋಳು. ಗೋಡೆಗೆ ಹಾಕಲು ನಾಲ್ಕಡಿಯ ನಕ್ಷೆ ಮುದ್ರಿಸಲು ಕೊಟ್ಟಿದ್ದೆ. ಅಂಗಡಿಯವರು ಚೌಕಟ್ಟಿಗೆ ಚೆನ್ನಾಗಿ ಕೂರಲಿ ಎಂದು ಬಲ ಅಂಚನ್ನು ಎರಡು ಇಂಚು ಕತ್ತರಿಸಿದ್ದಾರೆ. ಎಡಗಡೆಯ ಸಮುದ್ರ ಪೂರ್ತಿ ಇದೆ, ಅಲ್ಲಿ ಮೀನು ಬಿಟ್ಟರೆ ಯಾರೂ ಇಲ್ಲ. ಬಲಗಡೆ ಹೋದದ್ದು ಗೋರ್ಲಿಟ್ಸ್ ಮತ್ತು ನೈಸೆ ನದಿಯ ಆಚೆಯ ಸಿಲೇಸಿಯಾ! ಗುಂಡುಸೂಜಿಯದು ಬೇರೆ ಕತೆ, ಮೂರು ಬಣ್ಣ ಕೇಳಿದರೆ ಪೆಟ್ಟಿಗೆ ತುಂಬ ಹಳದಿ ಬಂತು.

ಕುತೂಹಲದ ಸೂಜಿ ಒಂದಿದೆ, ವಾಯವ್ಯದ ಮೂಲೆಯಲ್ಲಿ. ನಮ್ಮ ಫರ್ಡಿನಾಂಡ್ ಕಿಟ್ಟೆಲರು 1832ರಲ್ಲಿ ಹುಟ್ಟಿದ್ದು ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಅದು ಯಾನ್ಸೆನ್, ಹಾರ್ಮ್ಸ್‌ಗಳ ಸೀಮೆ. ಅಲ್ಲಿ ತಂದೆಯ ಹೆಸರೇ ಮಕ್ಕಳಿಗೆ ಗುರುತು. ಸ್ಥಿರವಾದ ಅಡ್ಡಹೆಸರು ಇಟ್ಟುಕೊಳ್ಳಿ ಎಂದು ನೆಪೋಲಿಯನ್ 1811ರಲ್ಲಿ ಆಜ್ಞೆ ಹೊರಡಿಸಬೇಕಾಯಿತು. ಆ ನೀರುಗಟ್ಟಿನ ಬಯಲಿನಲ್ಲಿ ಮಧ್ಯ ಜರ್ಮನಿಯ ನಿಲುವಂಗಿಗೆ ಏನು ಕೆಲಸ? ತಂದೆ ಪಾದ್ರಿ. ಪಾದ್ರಿಗಳನ್ನು ಸಭೆ ಕರೆದಲ್ಲಿಗೆ ಹೆಸರೂ ಹೋಗುತ್ತದೆ ಎಂಬುದು ನನ್ನ ಊಹೆ. ಮಗ ಇನ್ನೂ ದೂರ, ಮಂಗಳೂರು, ಧಾರವಾಡದವರೆಗೆ ಹೊತ್ತು ತಂದರು. ಧಾರವಾಡದ ಕಾಲೇಜಿನ ಫಲಕದ ಮೇಲೆ ಅದು ಇನ್ನೂ ಇದೆ. ನನ್ನ ನಕ್ಷೆಯಲ್ಲಿ ಅಲ್ಲಿಗೆ ಜಾಗವಿಲ್ಲದ್ದರಿಂದ ಗೋಡೆಗೇ ಒಂದು ಸೂಜಿ ಚುಚ್ಚಿದ್ದೇನೆ, ಮನೆಯಲ್ಲಿ ಅದಕ್ಕೂ ಜಗಳವಾಗಿದೆ.

ಇದು ಮುಗಿಯುವ ಮೊದಲೇ ಮುಂದಿನದು ಕೈ ಹಿಡಿದು ಎಳೆಯುತ್ತಿದೆ: ವೈಗ್ಲೆ. ಕನ್ನಡಕ್ಕೆ ದುಡಿದ ಬಾಸೆಲ್ ಮಿಷನ್ನಿನ ಮೋಗ್ಲಿಂಗರ ಒಡನಾಡಿ ಗಾಟ್‌ಫ್ರೀಡ್ ವೈಗ್ಲೆಯ ಹೆಸರು. ಕೊನೆಯ ‘ಲೆ’ ನೈರುತ್ಯ ಜರ್ಮನಿಯ ಸ್ವಾಬಿಯಾದ ಅಪ್ಪಟ ಮುದ್ದು ಪ್ರತ್ಯಯ. ಅದಕ್ಕೆ ಚರ್ಚಿನ ಕೈಬರಹದ ದಾಖಲೆ ಓದಬೇಕು, ಜರ್ಮನರ ಹಳೆಯ ಕೂಡುಬರಹವಾದ ಕುರೆಂಟ್ ಲಿಪಿಯಲ್ಲಿ. ಅಲ್ಲಿ ರೋಮನ್ ‘ಇ’ (e) ಅಕ್ಷರ ನೋಡಲು ಥೇಟ್ ‘ಎನ್’ (n). ಬರೆದು ಕಲಿತರೆ ಓದಲು ಬರುತ್ತದೆ ಎಂದು ಚೂಪು ಮೊನೆಯ ನಿಬ್ಬು ತರಿಸಿದೆ. ಬಂದದ್ದು ಮದುವೆ ಕಾಗದದ ಮೇಲೆ ಹೆಸರು ಬರೆಯುವ ಚಪ್ಪಟೆ ನಿಬ್ಬು. ಅದರಲ್ಲಿ ಬರೆದ ‘ಇ’ ಈಗ ಹೆಂಚಿನಂತೆ ಕಾಣುತ್ತಿದೆ.

ಹಿಂತಿರುಗಿಸುವ ಅರ್ಜಿ ತುಂಬಿದ್ದೇನೆ. ಈ ನಡುವೆ ಹಳೆಯ ಕ್ಯಾಲೆಂಡರಿನ ಬೆನ್ನನ್ನು ಎರಡಿಂಚು ಕತ್ತರಿಸಿ ನಕ್ಷೆಯ ಬಲಕ್ಕೆ ಅಂಟಿಸಿ, ನೈಸೆ ನದಿಯನ್ನು ನೀಲಿ ಪೆನ್ನಿನಲ್ಲಿ ನಾನೇ ಹರಿಸಿದೆ. ಗೋಂದು ಒಣಗಿದ ಮೇಲೆ ಹಳದಿ ಸೂಜಿಗಳನ್ನು ಚುಚ್ಚಬೇಕು.