ಅಪ್ಪನ ಲೈಸೆನ್ಸು, ತೆಲಗಿಯ ಛಾಪಾ ಕಾಗದ

ಹೋದ ವಾರ ಆಫೀಸಿನಲ್ಲಿ ಊಟಕ್ಕೆ ಕೂತಾಗ ಮತ್ತೆ ಅದೇ ಕತೆ ಬಂತು. ಒಬ್ಬ ಹುಡುಗ ಮೊಬೈಲಿನಲ್ಲಿ ರೀಲ್ ತೋರಿಸಿದ. "ಒಂದೇ ರಾತ್ರಿಗೆ ಡಾನ್ಸ್ ಬಾರಲ್ಲಿ 93 ಲಕ್ಷ ಚೆಲ್ಲಿದ್ನಂತೆ ಮೇಡಂ, ಈ ತೆಲಗಿ. ನಮ್ಮ ಕರ್ನಾಟಕದವನೇ ಅಂತೆ!" ಎಲ್ಲರೂ ಬಗ್ಗಿ ನೋಡಿದರು. ನಾನು ಚಪಾತಿ ಮುರಿಯುತ್ತಾ ಕೇಳಿದೆ: "ಅವನು ಮಾಡಿದ ಅಪರಾಧ ಏನು, ಗೊತ್ತಾ?" ಹುಡುಗ ತಲೆ ಕೆರೆದುಕೊಂಡ. "ಏನೋ ಸ್ಟ್ಯಾಂಪು... ಪೋಸ್ಟ್ ಆಫೀಸಿಂದಾ?"

ಅವನ ಮೇಲೆ ನನಗೇನೂ ಸಿಟ್ಟು ಬರಲಿಲ್ಲ. ಅವನು ಹುಟ್ಟಿದ್ದೇ 2001ರಲ್ಲಿ. ಆ ವರ್ಷ ನವೆಂಬರಿನಲ್ಲಿ, ನಕಲಿ ಛಾಪಾ ಕಾಗದ ಒತ್ತಿ ಮಾರಿದ ಅಬ್ದುಲ್ ಕರೀಂ ತೆಲಗಿ ಅಜ್ಮೇರಿನಲ್ಲಿ ಸಿಕ್ಕಿಬಿದ್ದ. ಆಗ ನಾನು ಏಳನೇ ಕ್ಲಾಸು. ನಮ್ಮ ಮನೆಯಲ್ಲಿ ಆ ಹೆಸರು ಎಷ್ಟು ಸಲ ಬರುತ್ತಿತ್ತು ಎಂದರೆ, ಯಾರೋ ಹಣ ಕೊಡಬೇಕಾದ ದೂರದ ನೆಂಟ ಇರಬೇಕು ಎಂದು ನನ್ನ ತಮ್ಮ ತಿಳಿದುಕೊಂಡಿದ್ದ.

ನಮ್ಮಪ್ಪ ಸ್ಟ್ಯಾಂಪ್ ವೆಂಡರ್. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಬೇವಿನ ಮರ, ಅದರ ಕೆಳಗೆ ತಗಡಿನ ಚಪ್ಪರ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮೇಜು. ಮೇಜಿನ ಮೇಲೆ ಇಂಕ್ ಪ್ಯಾಡು, ರಬ್ಬರ್ ಸ್ಟ್ಯಾಂಪು, ಗಾಳಿಗೆ ಹಾರದಂತೆ ಇಡಲು ಹಳೇ ತಕ್ಕಡಿಯ ಅರ್ಧ ಕೇಜಿ ಕಲ್ಲು. ಕಾಲಬಳಿ ಟ್ರಂಕು, ಅದರೊಳಗೆ ಛಾಪಾ ಕಾಗದ, ಅಂದರೆ ಸರ್ಕಾರದ ಶುಲ್ಕ ಕಟ್ಟಿದ್ದಕ್ಕೆ ಗುರುತಾದ ಸ್ಟ್ಯಾಂಪ್ ಪೇಪರು. ಊರವರು ಯಾರೂ ಹಾಗೆ ಕರೆಯುತ್ತಿರಲಿಲ್ಲ. "ಇಪ್ಪತ್ ರೂಪಾಯಿದ ಒಂದ್ ಬಾಂಡ್ ಕೊಡ್ರೀ" ಎನ್ನುತ್ತಿದ್ದರು. ಹೊಲದ ಖರೀದಿ ಕರಾರಿಗೆ, ಮನೆ ಪಾಲಿಗೆ, ಅಫಿಡವಿಟ್ಟಿಗೆ, ಕೈಗಡ ಸಾಲಕ್ಕೆ, ಎಲ್ಲದಕ್ಕೂ ಬಾಂಡೇ.

ಒಂದು ಕಾಗದ ಮಾರುವುದೂ ಸಣ್ಣ ಕೆಲಸ ಅಲ್ಲ. ಮೊದಲು ರಿಜಿಸ್ಟರಿನಲ್ಲಿ ಬರೆಯಬೇಕು: ಕ್ರಮ ಸಂಖ್ಯೆ, ತಾರೀಖು, ಬೆಲೆ, ಕೊಳ್ಳುವವರ ಹೆಸರು, ಊರು, ಯಾವ ಕೆಲಸಕ್ಕೆ. ಆಮೇಲೆ ಅವರ ಸಹಿ, ಇಲ್ಲವೇ ಹೆಬ್ಬೆಟ್ಟು. ಅದೇ ವಿವರವನ್ನು ಕಾಗದದ ಹಿಂದುಗಡೆ ಇನ್ನೊಮ್ಮೆ ಬರೆದು ಅಪ್ಪ ಸಹಿ ಹಾಕುತ್ತಿದ್ದ. ಬೇಸಿಗೆ ರಜೆಯಲ್ಲಿ ರಿಜಿಸ್ಟರ್ ಬರೆಯುವ ಕೆಲಸ ನನ್ನದು. ನನ್ನ ಅಕ್ಷರ ದುಂಡಗಾಗಿದ್ದು ಶಾಲೆಯಲ್ಲಿ ಅಲ್ಲ, ಆ ಮೇಜಿನ ಮೇಲೆ. ಹೆಬ್ಬೆಟ್ಟು ಒತ್ತಿಸುವಾಗ ಬೆರಳನ್ನು ಎಡದಿಂದ ಬಲಕ್ಕೆ ಒಮ್ಮೆ ಉರುಳಿಸಬೇಕು, ಸುಮ್ನೆ ಒತ್ತಿದರೆ ಕಪ್ಪು ಮಚ್ಚೆ ಆಗುತ್ತದೆ ಅಷ್ಟೆ. ಇದು ನನಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು.

ಆಗ ಕಾಗದ ಬರುತ್ತಿದ್ದುದು ನಾಸಿಕ್‌ನ ಸರ್ಕಾರಿ ಮುದ್ರಣಾಲಯದಿಂದ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಖಜಾನೆಗೆ. ಅಪ್ಪನಂಥವರು ಚಲನ್ ಕಟ್ಟಿ, ಅಂದರೆ ಸರ್ಕಾರಕ್ಕೆ ಹಣ ತುಂಬಿದ ರಸೀದಿ ಮಾಡಿಸಿ, ಖಜಾನೆಯಿಂದ ತರಬೇಕು. 1999, 2000ರ ಹೊತ್ತಿಗೆ ಖಜಾನೆಗೆ ಹೋದಾಗಲೆಲ್ಲ ಅಪ್ಪ ಬರಿಗೈಯಲ್ಲಿ ಬರತೊಡಗಿದ. ಸ್ಟಾಕ್ ಇಲ್ಲ. ಜನ ಅಪ್ಪನನ್ನೇ ಬೈಯುತ್ತಿದ್ದರು. ಮುಚ್ಚಿಟ್ಟುಕೊಂಡು ಜಾಸ್ತಿ ರೇಟಿಗೆ ಮಾರುತ್ತಾನೆ ಎಂದು ಒಬ್ಬರು ಟ್ರಂಕು ತೆಗೆಸಿ ನೋಡಿದ್ದೂ ಉಂಟು. ಒಳಗೆ ಅಪ್ಪನ ಬುತ್ತಿ ಡಬ್ಬಿ ಇತ್ತು.

ಅದೇ ದಿನಗಳಲ್ಲಿ ಒಬ್ಬ ಬಂದಿದ್ದನಂತೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬ್ರೀಫ್‌ಕೇಸು. ಎಷ್ಟು ಬೇಕಾದರೂ ಕಾಗದ ಕೊಡುತ್ತೇನೆ, ಖಜಾನೆಗಿಂತ ಜಾಸ್ತಿ ಕಮಿಷನ್ ಎಂದನಂತೆ. ಅಪ್ಪ ಒಂದು ಹಾಳೆ ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದ. ಒಳಗಿನ ನೀರುಗುರುತು ಸರಿಯಾಗಿಯೇ ಇತ್ತು. ಮುದ್ರಣದಲ್ಲೂ ದೋಷ ಕಾಣಲಿಲ್ಲ. "ಚಲನ್ ಎಲ್ಲೈತ್ರೀ?" ಎಂದು ಕೇಳಿದ್ದಕ್ಕೆ ನಾಳೆ ತರುತ್ತೇನೆ ಎಂದು ಹೋದವನು ಮತ್ತೆ ಬರಲಿಲ್ಲ. ಅವನು ತೆಲಗಿಯ ಕಡೆಯವನೇ ಹೌದೋ, ಬೇರೆ ಯಾರೋ ಪುಡಿ ಕಳ್ಳನೋ, ದೇವರಿಗೇ ಗೊತ್ತು. ಅಪ್ಪನಂತೂ ಈಗಲೂ ಅದನ್ನೇ ಹೇಳುತ್ತಾನೆ: "ಕಾಗದದಾಗ ತಪ್ಪಿದ್ದಿಲ್ಲ ಬೇ, ಚಲನ್ ಇದ್ದಿಲ್ಲ."

ತೆಲಗಿಯ ಜಾಣತನವೂ ಅಲ್ಲೇ ಇತ್ತು. ಖಾನಾಪುರದ ರೈಲ್ವೆ ನೌಕರನ ಮಗ, ಅಪ್ಪ ಬೇಗ ಸತ್ತ, ಹುಡುಗ ಸ್ಟೇಷನ್ನಿನಲ್ಲಿ ಹಣ್ಣು ಮಾರಿ ಓದಿದ. ಸೌದಿಗೆ ಹೋಗಿ ಬಂದ. ಮುಂಬೈಯಲ್ಲಿ ನಕಲಿ ಪಾಸ್‌ಪೋರ್ಟಿನ ವ್ಯವಹಾರ ಮಾಡಿ ಜೈಲು ಕಂಡ. 1994ರಲ್ಲಿ ಸ್ಟ್ಯಾಂಪ್ ವೆಂಡರ್ ಲೈಸೆನ್ಸು ತೆಗೆದುಕೊಂಡ. ಹೌದು, ನಮ್ಮಪ್ಪನ ಹತ್ತಿರ ಇದ್ದಂಥದ್ದೇ ಲೈಸೆನ್ಸು. ಆಮೇಲೆ ನಾಸಿಕ್ ಮುದ್ರಣಾಲಯ ಹಳೆಯದಾಯಿತೆಂದು ತೆಗೆದುಹಾಕಿದ ಯಂತ್ರವನ್ನೇ ಕೊಂಡು ಮುಂಬೈಯ ಮಿಂಟ್ ರಸ್ತೆಯಲ್ಲಿ ತನ್ನದೇ ಪ್ರೆಸ್ಸು ಹಾಕಿದ. ಸರ್ಕಾರದ ಯಂತ್ರದಲ್ಲೇ ಒತ್ತಿದ ನಕಲಿಯನ್ನು ನಕಲಿ ಎನ್ನುವುದು ಹೇಗೆ? ಮಾರಲು ಮುನ್ನೂರಕ್ಕೂ ಹೆಚ್ಚು ಏಜೆಂಟರು. ಅಸಲಿ ಕಾಗದಕ್ಕೆ ಬರ ಬರುವಂತೆ ಒಳಗಿನವರಿಂದಲೇ ನೋಡಿಕೊಂಡ ಎಂದು ತನಿಖೆಯವರು ಆಮೇಲೆ ಹೇಳಿದರು. ಖಜಾನೆಯಲ್ಲಿ ಅಪ್ಪನಿಗೆ ಸಿಗುತ್ತಿದ್ದ "ಸ್ಟಾಕ್ ಇಲ್ಲ"ದ ಅರ್ಥ ನಮಗೆ ತಿಳಿದಿದ್ದು ಆಗ.

2000ದ ಆಗಸ್ಟಿನಲ್ಲಿ ಬೆಂಗಳೂರು ಪೊಲೀಸರಿಗೆ ನಕಲಿ ಕಾಗದ ಸಾಗಿಸುತ್ತಿದ್ದ ಇಬ್ಬರು ಸಿಕ್ಕರು. ಆ ಎಳೆ ಹಿಡಿದೇ ಅಜ್ಮೇರ್ ತನಕ ಹೋದದ್ದು. ಕರ್ನಾಟಕ ಸರ್ಕಾರ 'ಸ್ಟ್ಯಾಂಪಿಟ್' ಎಂಬ ತನಿಖಾ ತಂಡ ಮಾಡಿತು. ಶುರುವಾಯಿತು ನೋಡಿ ಪತ್ರಿಕೆಗಳಿಗೆ ಹಬ್ಬ. 'ಛಾಪಾ ಕಾಗದ ಹಗರಣದ ರೂವಾರಿ' ಎಂದು ಹೆಸರಿನ ಹಿಂದೆ ಒಂದು ಬಿರುದು ಅಂಟಿಕೊಂಡಿತು. ರೂವಾರಿ ಎಂದರೆ ಶಿಲ್ಪಿ. ಬೇಲೂರಿನ ಮದನಿಕೆಯರನ್ನು ಕೆತ್ತಿದವರ ಹೆಸರು. ನಮ್ಮ ಪೇಪರಿನವರ ಕೈಗೆ ಸಿಕ್ಕಿ ಆ ಪದಕ್ಕೆ ಎಂಥ ಗತಿ ಬಂತು, ಅಲ್ವಾ? ಈಗ ರೂವಾರಿ ಎಂದ ತಕ್ಷಣ ನಾವು ಮುಂದೆ ಹಗರಣವನ್ನೇ ಹುಡುಕುತ್ತೇವೆ.

ನಮ್ಮ ಮನೆಗೆ ಬಿಸಿ ತಟ್ಟಿದ್ದು ಇದಾದ ಮೇಲೆ. ಒಂದು ಮಧ್ಯಾಹ್ನ ತಪಾಸಣೆಗೆ ಬಂದವರು ಟ್ರಂಕಿನಲ್ಲಿದ್ದ ಕಾಗದ, ಮೂರು ವರ್ಷದ ರಿಜಿಸ್ಟರು ಎಲ್ಲ ಎತ್ತಿಕೊಂಡು ಹೋದರು. ಯಾವ ಆಫೀಸಿನವರು ಎಂಬುದು ಈಗ ಬೇಡ. ಒಂದು ಚೀಟಿ ಕೂಡ ಕೊಡಲಿಲ್ಲ. ತಿರುಗಿ ಬರಲು ಏಳು ತಿಂಗಳು ಹಿಡಿಯಿತು. ತಪ್ಪು ಏನೂ ಸಿಗಲಿಲ್ಲ, ಆದರೆ ಸಿಗಲಿಲ್ಲ ಎಂದು ಯಾರೂ ಬರೆದುಕೊಡಲೂ ಇಲ್ಲ. ಆ ಏಳು ತಿಂಗಳು ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದಳು. ರಾತ್ರಿ ಬಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಬೆರಳು ಅಗಲಿಸಿ, ತೊಡೆಯ ಮೇಲೆ ಅಂಗೈ ಮೇಲೆ ಮಾಡಿಟ್ಟು ಕೂರುತ್ತಿದ್ದಳು. ನಮ್ಮ ಜಡೆ ಹಾಕುವುದನ್ನು ಬಿಟ್ಟಳು. ಖಾರ ತಲೆಗೆ ಹತ್ತುತ್ತದೆ ಎಂದು.

ಊರಲ್ಲಿ ಅಪ್ಪನನ್ನು "ಏನ್ ತೆಲಗಿ ಸಾಹೇಬ್ರ" ಎಂದು ಕರೆಯುವವರು ಹುಟ್ಟಿಕೊಂಡರು. ಅದು ತಮಾಷೆಗೆ. ತಮಾಷೆ ಅಲ್ಲದ್ದೂ ಇತ್ತು. ಅಪ್ಪನ ಹತ್ತಿರ ಕಾಗದ ಕೊಂಡು ಹೊಲ ಬರೆಸಿಕೊಂಡಿದ್ದ ಒಬ್ಬ ಮುದುಕ ಪತ್ರ ಹಿಡಿದು ಬಂದು ಮೇಜಿನ ಮುಂದೆ ಕೂತುಬಿಟ್ಟ. "ಇದು ಖೊಟ್ಟಿ ಕಾಗದ ಆದ್ರ ನನ್ನ ಹೊಲ ಹೋಗ್ತೈತೇನು?" ಸ್ಟ್ಯಾಂಪ್ ಶುಲ್ಕ ಕಡಿಮೆ ಬಿದ್ದರೆ ದಂಡ ಕಟ್ಟಿ ಸರಿಮಾಡಿಸಿಕೊಳ್ಳಬಹುದು, ಪತ್ರವೇ ಸತ್ತುಹೋಗುವುದಿಲ್ಲ ಎಂದು ಅಪ್ಪ ಹೇಳಿದ. ದಂಡ ಎಷ್ಟು ಎಂದ ಮುದುಕ. ಹತ್ತು ಪಟ್ಟಿನ ತನಕ ಹೋಗಬಹುದು ಎಂಬುದು ಅಪ್ಪನಿಗೆ ಗೊತ್ತಿತ್ತು. ಹೇಳಲಿಲ್ಲ. ಪತ್ರ ಬಿಸಿಲಿಗೆ ಹಿಡಿದು ತೋರಿಸಿ, "ನೋಡ್ರೀ ಅಜ್ಜಾರ, ಖಜಾನೆದ್ದು" ಎಂದು ಕಳಿಸಿದ.

ಹಗರಣದ ಮೊತ್ತ ಮಾತ್ರ ಪೇಪರಿನಿಂದ ಪೇಪರಿಗೆ ಬೆಳೆಯುತ್ತಿತ್ತು. ಒಂದರಲ್ಲಿ 20 ಸಾವಿರ ಕೋಟಿ, ಇನ್ನೊಂದರಲ್ಲಿ 30 ಸಾವಿರ, ಮತ್ತೊಂದರಲ್ಲಿ 32 ಸಾವಿರ. ಒಂದು ಸಂಜೆ ಅಪ್ಪ ರಿಜಿಸ್ಟರಿನ ಹಿಂದಿನ ರಟ್ಟಿನ ಮೇಲೆ ಲೆಕ್ಕ ಹಾಕಿದ. ಮೂವತ್ತು ಸಾವಿರ ಕೋಟಿಯನ್ನು ನೂರು ರೂಪಾಯಿ ಕಾಗದದಲ್ಲಿ ಮಾರಬೇಕೆಂದರೆ ಮುನ್ನೂರು ಕೋಟಿ ಹಾಳೆ. ಐನೂರರ ಒಂದು ಕಟ್ಟು ಸುಮಾರು ಎರಡು ಇಂಚು ದಪ್ಪ. ಅರವತ್ತು ಲಕ್ಷ ಕಟ್ಟು. ಒಂದರ ಮೇಲೊಂದು ಪೇರಿಸಿದರೆ ಮುನ್ನೂರು ಕಿಲೋಮೀಟರ್ ಎತ್ತರ. ಮಲಗಿಸಿದರೆ ನಮ್ಮೂರಿನಿಂದ ಹೊರಟು ಬೆಂಗಳೂರಿನ ಹತ್ತಿರಕ್ಕೆ ಬರುತ್ತದೆ. ಅಪ್ಪ ಪೆನ್ನಿನ ಮುಚ್ಚಳ ಹಾಕಿ, "ಇದು ನಮ್ಮಂಥಾರು ಮಾರಿದ್ದಲ್ಲ" ಎಂದ.

ಅಪ್ಪನ ಮಾತು ಸರಿಯೇ ಇತ್ತು. ತೆಲಗಿಯ ದೊಡ್ಡ ದುಡ್ಡು ಇಪ್ಪತ್ತು, ಐವತ್ತು ರೂಪಾಯಿಯ ಬಾಂಡಿನಲ್ಲಿ ಇರಲೇ ಇಲ್ಲ. ಷೇರು ವರ್ಗಾವಣೆಯ ಸ್ಟ್ಯಾಂಪು, ವಿಮೆಯ ಸ್ಟ್ಯಾಂಪು, ದೊಡ್ಡ ಬೆಲೆಯ ಹಾಳೆಗಳು, ಇವನ್ನು ಅಪ್ಪ ಜನ್ಮದಲ್ಲಿ ಮುಟ್ಟಿದವನಲ್ಲ. ಕೊಂಡವರು ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿ ಕಂಪನಿಗಳು. ಕಟ್ಟುಗಟ್ಟಲೆ, ರಿಯಾಯಿತಿ ದರದಲ್ಲಿ. ಸರ್ಕಾರಿ ಸ್ಟ್ಯಾಂಪಿಗೆ ರಿಯಾಯಿತಿ ಎಲ್ಲಿಂದ ಬರುತ್ತದೆ? ಎಸ್ಎಸ್ಎಲ್‌ಸಿ ಫೇಲಾದ ನಮ್ಮಪ್ಪನಿಗೆ ಹೊಳೆದ ಪ್ರಶ್ನೆ ಅದು. ಅಲ್ಲೆಲ್ಲ ಕೂತಿದ್ದ ಓದಿದವರಲ್ಲಿ ಎಷ್ಟು ಜನ ಚಲನ್ ಕೇಳಿದರು? ಈ ಇಪ್ಪತ್ತು ವರ್ಷದಲ್ಲಿ ಅವರ ಬಗ್ಗೆ ಒಂದು ರೀಲನ್ನೂ ನಾನು ನೋಡಿಲ್ಲ. ಡಾನ್ಸ್ ಬಾರಿನ 93 ಲಕ್ಷ ಮಾತ್ರ ಎಲ್ಲರಿಗೂ ಬಾಯಿಪಾಠ. ಅದು ನಿಜವೋ ಸುಳ್ಳೋ, ಎಣಿಸಿದವರು ಯಾರು?

ಸುದ್ದಿಗೆ ಮೇವು ಕಡಿಮೆಯಾಗಲೇ ಇಲ್ಲ ಬಿಡಿ. 2003ರ ಜನವರಿಯಲ್ಲಿ ಪೊಲೀಸರ ವಶದಲ್ಲಿ ಇರಬೇಕಾದವನು ಮುಂಬೈಯ ಕಫ್ ಪರೇಡಿನ ತನ್ನದೇ ಫ್ಲ್ಯಾಟಿನಲ್ಲಿ ಆರಾಮಾಗಿ ಇದ್ದದ್ದು ಬಯಲಾಯಿತು. ಅದೇ ಡಿಸೆಂಬರಿನಲ್ಲಿ ಮುಂಬೈ ಪೊಲೀಸ್ ಕಮಿಷನರ್ ಆಗಿದ್ದವರನ್ನು ನಿವೃತ್ತಿಯಾದ ಬೆನ್ನಿಗೇ ಬಂಧಿಸಿದರು. ಮುಂದೆ ಕೋರ್ಟು ಅವರನ್ನು ಆರೋಪದಿಂದ ಕೈಬಿಟ್ಟಿತು. ಬಂಧನದ್ದು ಮುಖಪುಟ, ಬಿಡುಗಡೆ ಎಲ್ಲೋ ಒಳಪುಟ.

ಇನ್ನು ಆ ಮಂಪರು ಪರೀಕ್ಷೆ. ಬೆಂಗಳೂರಿನಲ್ಲಿ ತೆಲಗಿಗೆ ಇಂಜೆಕ್ಷನ್ ಕೊಟ್ಟು ಪ್ರಶ್ನೆ ಕೇಳಿದ ವಿಡಿಯೋ ಟಿವಿಯವರ ಕೈಗೆ ಸಿಕ್ಕಿತು. ಕಣ್ಣು ಅರೆಮುಚ್ಚಿ, ನಾಲಿಗೆ ತೊದಲುತ್ತಾ ದೊಡ್ಡ ದೊಡ್ಡ ರಾಜಕಾರಣಿಗಳ ಹೆಸರು ಹೇಳುತ್ತಿದ್ದ. ನಾವೂ ಎದುರುಮನೆಯ ಟಿವಿಯಲ್ಲಿ ನೋಡಿದೆವು. ಚೌಕಟ್ಟಿನ ಹೊರಗೆ ಯಾರೋ ಮತ್ತೆ ಮತ್ತೆ ಕೇಳುತ್ತಿದ್ದರು, ಇವನು ಗೊಣಗುತ್ತಿದ್ದ. ಅವ್ವ ಎದ್ದು ಹೋದಳು. ಅವನು ಕಳ್ಳನೇ ಇರಬಹುದು, ಜ್ವರದಲ್ಲಿ ಬಿದ್ದವನನ್ನು ಹೀಗೆ ಮಾತಾಡಿಸಬಾರದು ಎಂದಳು. ವ್ಯಕ್ತಿಯ ಒಪ್ಪಿಗೆ ಇಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರ ಮೇ ತಿಂಗಳಿನಲ್ಲಿ ಹೇಳಿತು. ನಮ್ಮವ್ವ ಹೇಳಿ ಎಷ್ಟೋ ವರ್ಷ ಆಗಿತ್ತು.

2007ರಲ್ಲಿ ತೆಲಗಿ ತಪ್ಪೊಪ್ಪಿಕೊಂಡ. ಪುಣೆಯ ವಿಶೇಷ ಕೋರ್ಟು 13 ವರ್ಷ ಜೈಲು, 202 ಕೋಟಿ ದಂಡ ಹಾಕಿತು. ಆಮೇಲೆ ಪರಪ್ಪನ ಅಗ್ರಹಾರ. ಅಲ್ಲಿಂದಲೂ ಸುದ್ದಿ ಬಂತು: 2017ರ ಜುಲೈನಲ್ಲಿ ಬಂದಿಖಾನೆ ಡಿಐಜಿ ಆಗಿದ್ದ ಡಿ. ರೂಪಾ ಕೊಟ್ಟ ವರದಿಯಲ್ಲಿ, ತೆಲಗಿಯ ಕೈಕಾಲು ಒತ್ತಲು ಕೈದಿಗಳಿದ್ದಾರೆ ಎಂದಿತ್ತು. ಮೂರು ತಿಂಗಳಿಗೆ, ಅಕ್ಟೋಬರಿನಲ್ಲಿ, ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸತ್ತ. 2018ರ ಕೊನೆಗೆ ನಾಸಿಕ್ ಕೋರ್ಟು ಅಲ್ಲಿನ ಪ್ರಕರಣದಲ್ಲಿ ಅವನನ್ನೂ ಇತರರನ್ನೂ ಸಾಕ್ಷ್ಯ ಇಲ್ಲವೆಂದು ಖುಲಾಸೆ ಮಾಡಿತು. ಸತ್ತು ಒಂದು ವರ್ಷ ಕಳೆದಿತ್ತು.

ಬೆಳಗಾವಿಯ ಅತ್ತೆಯ ಮನೆಗೆ ಹೋಗುವಾಗ ಲೋಂಡಾ ದಾಟಿ ರೈಲು ಖಾನಾಪುರದಲ್ಲಿ ನಿಂತರೆ, ಬೋಗಿಯಲ್ಲಿ ಒಬ್ಬರಾದರೂ ಕಿಟಕಿಯ ಹೊರಗೆ ಬೆರಳು ಮಾಡುತ್ತಾರೆ. "ಇಲ್ಲೇ ಹಣ್ಣು ಮಾರ್ತಿದ್ದ ನೋಡ್ರಿ." ದನಿಯಲ್ಲಿ ಸಣ್ಣ ಹೆಮ್ಮೆ ಇರುತ್ತದೆ. ಅಪ್ಪ ಮಾತ್ರ ಆ ಸ್ಟೇಷನ್ನಿನಲ್ಲಿ ಕಣ್ಣುಮುಚ್ಚಿ ಮಲಗಿದಂತೆ ಮಾಡುತ್ತಾನೆ.

ಈ ಹಗರಣದ ಕಾರಣಕ್ಕೇ 2003ರಲ್ಲಿ ಕರ್ನಾಟಕ ಛಾಪಾ ಕಾಗದವನ್ನೇ ನಿಲ್ಲಿಸಿತು. ಅಪ್ಪನ ಲೈಸೆನ್ಸು ಗೋಡೆಗೆ ಹೋಯಿತು. ಅದೇ ಬೇವಿನ ಮರದ ಕೆಳಗೆ ಪತ್ರ ಬರೆದುಕೊಡುತ್ತಾ, ಟೈಪಿಂಗ್ ಮಾಡಿಸಿಕೊಡುತ್ತಾ ನಮ್ಮನ್ನು ಓದಿಸಿದ. ಐದಾರು ವರ್ಷದ ಮೇಲೆ ಇ-ಸ್ಟ್ಯಾಂಪ್ ಬಂತು.

ಹೋದ ವರ್ಷ ಅಪ್ಪ ಬೆಂಗಳೂರಿಗೆ ಬಂದಿದ್ದಾಗ ನನ್ನ ಬಾಡಿಗೆ ಕರಾರಿಗೆ ಇ-ಸ್ಟ್ಯಾಂಪ್ ತರಬೇಕಿತ್ತು. ಇಲ್ಲೇ ನಮ್ಮ ರಸ್ತೆಯ ಸೌಹಾರ್ದ ಸೊಸೈಟಿಯಲ್ಲಿ ಸಿಗುತ್ತಿತ್ತು. ನಾನೂ ಬರ್ತೀನಿ ಎಂದ. ಕೌಂಟರಿನ ಹುಡುಗ ನನ್ನ ಹೆಸರು, ಮಾಲೀಕರ ಹೆಸರು ಕಂಪ್ಯೂಟರಿಗೆ ಹಾಕಿ ಎರಡು ನಿಮಿಷದಲ್ಲಿ ಪ್ರಿಂಟ್ ಕೊಟ್ಟ. ಮೇಲೆ 'ಐಎನ್-ಕೆಎ' ಎಂದು ಶುರುವಾಗುವ ಉದ್ದನೆಯ ನಂಬರು, ಯಾರ ಕಡೆಯಿಂದ, ಯಾರಿಗೆ, ಯಾವ ಪತ್ರಕ್ಕೆ. ಅಪ್ಪನ ರಿಜಿಸ್ಟರಿನ ಕಾಲಮ್ಮುಗಳೇ, ಹೆಬ್ಬೆಟ್ಟಿನ ಮನೆ ಒಂದು ಬಿಟ್ಟು.

ಅಪ್ಪ ಅದನ್ನು ಹಿಂದೆ ಮುಂದೆ ತಿರುವಿ ನೋಡಿದ. ಕನ್ನಡಕ ಒರೆಸಿಕೊಂಡು ಹುಡುಗನನ್ನು ಕೇಳಿದ: "ಒಂದಕ್ಕ ಕಮಿಷನ್ ಎಷ್ಟ್ ಕೊಡ್ತಾರ ಈಗ?"

"ಗೊತ್ತಿಲ್ಲ ಅಂಕಲ್. ನಂಗೆ ಸಂಬಳ" ಎಂದ ಹುಡುಗ. ಹಿಂದೆ ನಿಂತವರನ್ನು ಕರೆದ.